ಹಾಸಿಗೆಯಡಿಯ ಪೀಜೊ ಬಿಲ್ಲೆಯಿಂದ ಹೃದಯ ಬಡಿತ ಅಳೆಯುವುದು: ಎಲ್ಲಿ ತಪ್ಪುತ್ತದೆ, ಹೇಗೆ ಸರಿಪಡಿಸಬೇಕು

ಪೀಜೊ ಬಿಲ್ಲೆಯೊಂದನ್ನು (ಬಾಗಿದಾಗ ವಿದ್ಯುತ್ ಹುಟ್ಟಿಸುವ ತೆಳು ತಟ್ಟೆ) ಹಾಸಿಗೆಯಡಿ ತಳ್ಳಿ, ಅದರ ಎರಡು ತಂತಿಗಳನ್ನು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ಗೆ ಸಿಕ್ಕಿಸಿ, ಹೃದಯ ಬಡಿತಕ್ಕಾಗಿ ಕಾದವರಿಗೆ ಸಾಮಾನ್ಯವಾಗಿ ಸಿಗುವುದು ಎರಡರಲ್ಲೊಂದು: ಚಪ್ಪಟೆ ಗೆರೆ, ಇಲ್ಲವೇ ಮನೆಯ ವಿದ್ಯುತ್ತಿನ 50 ಹರ್ಟ್ಜ್ ಗೊಂದಲ. ಆಗ ಎಲ್ಲರೂ ಕೋಡ್ ತಿದ್ದಲು ಕೂರುತ್ತಾರೆ. ದೋಷ ಕೋಡ್‌ನಲ್ಲಿ ಇರುವುದು ಅಪರೂಪ. ಬಿಲ್ಲೆಯನ್ನು ಕೂರಿಸಿದ ರೀತಿಯಲ್ಲಿ, ಆಮೇಲೆ ಒಂದು ರೆಸಿಸ್ಟರ್‌ನಲ್ಲಿ, ಕಟ್ಟಕಡೆಗೆ ಕೋಡ್‌ನಲ್ಲಿ, ಈ ಸರದಿಯಲ್ಲೇ ಹುಡುಕಬೇಕು. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ. ಒಂದು ಹಂತದ ಪರೀಕ್ಷೆ ಗೆಲ್ಲದೆ ಮುಂದಿನದಕ್ಕೆ ಹೋಗಬೇಡಿ.

## ಅಳೆಯುತ್ತಿರುವುದು ಏನನ್ನು?

ಹರಿಗೋಲಿನಿಂದ ದಡಕ್ಕೆ ಹಾರಿದರೆ ಹರಿಗೋಲು ಹಿಂದಕ್ಕೆ ಸರಿಯುತ್ತದಲ್ಲ, ಹೃದಯ ರಕ್ತವನ್ನು ಮಹಾಪಧಮನಿಗೆ ಚಿಮ್ಮಿದಾಗ ಮೈಯೂ ಹಾಗೆಯೇ ಕಣ್ಣಿಗೆ ಕಾಣದಷ್ಟು ಹಿಂದೆ ಸರಿಯುತ್ತದೆ. ಈ ಅಲುಗಾಟವನ್ನು ದಾಖಲಿಸುವ ವಿಧಾನಕ್ಕೆ ಬ್ಯಾಲಿಸ್ಟೊಕಾರ್ಡಿಯೋಗ್ರಫಿ ಎಂದು ಹೆಸರು. ಇಸಿಜಿ ಹೃದಯದ ವಿದ್ಯುತ್ತನ್ನು ಅಳೆಯುತ್ತದೆ, ಇದು ಮೈಯ ಚಲನೆಯನ್ನು ಅಳೆಯುತ್ತದೆ. ಆದ್ದರಿಂದಲೇ ಚರ್ಮಕ್ಕೆ ಏನನ್ನೂ ಅಂಟಿಸಬೇಕಿಲ್ಲ. ಆದ್ದರಿಂದಲೇ ಮಂಚದ ಬಳಿ ನಡೆದವರ ಹೆಜ್ಜೆಯೂ ಅದರಲ್ಲಿ ಸೇರಿಕೊಳ್ಳುತ್ತದೆ.

ಎರಡು ಅಂಕಿಗಳು ನೆನಪಿನಲ್ಲಿರಲಿ. ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ, ಅಂದರೆ 0.2ರಿಂದ 0.33 ಹರ್ಟ್ಜ್. ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಆದರೆ ಪ್ರತಿ ಬಡಿತವೂ ಒಂದೇ ಗುಡ್ಡದಂತೆ ಬರುವುದಿಲ್ಲ. ಕೆಳಗೆ, ಮೇಲೆ, ಮತ್ತೆ ಕೆಳಗೆ ಎಂದು ಹಲವು ಬಾರಿ ತೂಗುವ ಅಲೆಯ ಗುಂಪಾಗಿ ಬರುತ್ತದೆ. ಹಾಗಾಗಿ ನಮಗೆ ಬೇಕಾದ ಸಂಕೇತದ ಹೆಚ್ಚಿನ ಪಾಲು 1ರಿಂದ 10 ಹರ್ಟ್ಜ್ ನಡುವೆ ಇರುತ್ತದೆ. ಉಸಿರಿನ ಅಲೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹೊಸಬರು ಅದನ್ನೇ ಹೃದಯವೆಂದು ತಿಳಿಯುವುದುಂಟು.

## ಬೇಕಾದ ಸಾಮಾನು

35 ಮಿಲಿಮೀಟರ್ ಪೀಜೊ ಬಿಲ್ಲೆ ಎರಡು ಅಥವಾ ಮೂರು (ಒಂದಾದರೂ ಒಡೆಯುತ್ತದೆ), ಎಂಸಿಪಿ6002 ಆಪ್‌ಆಂಪ್ ಐಸಿ (ಸಣ್ಣ ಸಂಕೇತವನ್ನು ಹಿಗ್ಗಿಸುವ ಚಿಪ್, ಒಂದರಲ್ಲೇ ಎರಡು ಆಪ್‌ಆಂಪ್ ಇವೆ), ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಮೈಕ್ರೋಕಂಟ್ರೋಲರ್), 10 ಮೆಗಾಓಮ್ ರೆಸಿಸ್ಟರ್, ಕೆಲವು ಸಾಮಾನ್ಯ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳು, ಒಂದು ಮೀಟರ್ ಶೀಲ್ಡೆಡ್ ಆಡಿಯೊ ಕೇಬಲ್, 6 ಮಿಲಿಮೀಟರ್ ಪ್ಲೈವುಡ್ ತುಂಡು, ಗಟ್ಟಿ ರಬ್ಬರ್, ಪವರ್ ಬ್ಯಾಂಕ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇಷ್ಟೂ ಸಿಗುತ್ತದೆ. ಉಳಿದವರು ಆನ್‌ಲೈನ್‌ನಲ್ಲಿ ತರಿಸಬಹುದು. ಹೋಲಿಸಿ ನೋಡಲು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬೇಕೇ ಬೇಕು. ಅದಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಆಪ್‌ಆಂಪ್ ಕೊಳ್ಳುವಾಗ ಅಂಗಡಿಯವರು ಎಲ್‌ಎಂ358 ಕೊಟ್ಟು "ಇದೂ ಅದೇ" ಎನ್ನಬಹುದು. ಅದೇ ಅಲ್ಲ. ಎಲ್‌ಎಂ358ರ ಒಳಹರಿವಿನಲ್ಲಿ (ಇನ್‌ಪುಟ್) ಹತ್ತಾರು ನ್ಯಾನೊಆಂಪಿಯರ್ ವಿದ್ಯುತ್ ಹರಿಯುತ್ತದೆ. 20 ನ್ಯಾನೊಆಂಪಿಯರ್ 10 ಮೆಗಾಓಮ್ ಮೂಲಕ ಹರಿದರೆ 0.2 ವೋಲ್ಟ್ ಆಯಿತು. ಅದು ಮುಂದೆ ಐವತ್ತು ಪಟ್ಟು ಹಿಗ್ಗಿದರೆ ಔಟ್‌ಪುಟ್ ಒಂದು ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ. ಎಂಸಿಪಿ6002ರಲ್ಲಿ ಇದು ಪಿಕೊಆಂಪಿಯರ್ ಮಟ್ಟದಲ್ಲಿದೆ.

## ಹಂತ 1: ಜಾಗ ಆರಿಸಿ

ಹಲಗೆಯ ಮಂಚ ಎಲ್ಲಕ್ಕಿಂತ ಒಳ್ಳೆಯದು. ಪಟ್ಟಿ ಹೆಣೆದ ಮಂಚದಲ್ಲಿ ಬಟ್ಟೆಯೇ ಜಗ್ಗಿ ಅಲುಗಾಟವನ್ನು ನುಂಗುತ್ತದೆ, ಅದರ ಮೇಲೆ ಪ್ರಯತ್ನವೇ ಬೇಡ. ತೆಂಗಿನ ನಾರಿನ ಹಾಸಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ತೆಳುವಾದ ಹತ್ತಿ ಹಾಸಿಗೆಯೂ ಅಡ್ಡಿಯಿಲ್ಲ. ಅಂಗೈ ದಪ್ಪ ಹೂತುಹೋಗುವ ಮೆಮೊರಿ ಫೋಮ್ ಆದರೆ ಸಂಕೇತ ಬಹಳ ಕುಗ್ಗುತ್ತದೆ.

ಮಲಗಿದವರ ಎದೆ ಬರುವ ಜಾಗದಲ್ಲಿ, ಹಾಸಿಗೆ ಮತ್ತು ಹಲಗೆಯ ನಡುವೆ ಸಂವೇದಕ (ಬಿಲ್ಲೆ ಮತ್ತು ಅದರ ಮನೆ) ಇರಬೇಕು. ಭುಜದಿಂದ ಒಂದು ಗೇಣು ಕೆಳಗೆ ಎಂದು ಗುರುತು ಹಾಕಿಕೊಳ್ಳಿ. ದಿಂಬಿನಡಿ ಇಟ್ಟರೆ ತಲೆ ತಿರುಗಿಸಿದ್ದೇ ಹೆಚ್ಚಾಗಿ ಕಾಣುತ್ತದೆ. ಜೋಡಿ ಮಂಚದಲ್ಲಿ ಪಕ್ಕದವರ ಬಡಿತವೂ ಸೋರಿ ಬರುತ್ತದೆ, ಅದಕ್ಕೆ ಒಂದೇ ಬಿಲ್ಲೆಯಿಂದ ಪರಿಹಾರವಿಲ್ಲ. ಮೊದಲ ಪ್ರಯೋಗ ಒಬ್ಬರೇ ಮಲಗುವ ಮಂಚದಲ್ಲಿ ನಡೆಯಲಿ.

## ಹಂತ 2: ಬಿಲ್ಲೆಗೆ ಮನೆ ಕಟ್ಟಿ

ಹತ್ತರಲ್ಲಿ ಎಂಟು ಜನ ಸೋಲುವುದು ಇಲ್ಲೇ ಎಂದು ನನ್ನ ಅಂದಾಜು, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ಪೀಜೊ ಬಿಲ್ಲೆ ವಿದ್ಯುತ್ ಹುಟ್ಟಿಸುವುದು ಮುಖ್ಯವಾಗಿ ಬಾಗಿದಾಗ. ಅದನ್ನು ಗಟ್ಟಿ ಹಲಗೆಗೆ ಪೂರ್ತಿ ಅಂಟಿಸಿಬಿಟ್ಟರೆ ಬಾಗಲು ಜಾಗವೇ ಇರುವುದಿಲ್ಲ. ಬಿಲ್ಲೆಯ ಅಂಚು ಮಾತ್ರ ಆಧಾರದ ಮೇಲೆ ಕೂತು, ನಡುಭಾಗ ಗಾಳಿಯಲ್ಲಿ ತೂಗಬೇಕು.

ಪ್ಲೈವುಡ್‌ನಲ್ಲಿ 29 ಅಥವಾ 30 ಮಿಲಿಮೀಟರ್ ತೂತು ಕೊರೆಯಿರಿ. 35 ಮಿಲಿಮೀಟರ್ ಬಿಲ್ಲೆಯ ಹಿತ್ತಾಳೆಯ ಅಂಚು ಸುತ್ತಲೂ ಎರಡು ಮೂರು ಮಿಲಿಮೀಟರ್‌ನಷ್ಟು ತೂತಿನ ದಡದ ಮೇಲೆ ಕೂರುತ್ತದೆ. ಬಿಳಿಯ ಸೆರಾಮಿಕ್ ಭಾಗ ಮೇಲಕ್ಕಿರಲಿ. ಮೇಲಿನಿಂದ ಒತ್ತಿದಾಗ ಮೇಲ್ಮೈ ಕುಗ್ಗುತ್ತದೆ, ಕೆಳಮೈ ಹಿಗ್ಗುತ್ತದೆ. ಸೆರಾಮಿಕ್ ಕುಗ್ಗುವುದನ್ನು ತಾಳುತ್ತದೆ, ಹಿಗ್ಗಿಸಿದರೆ ಬಿರುಕು ಬಿಡುತ್ತದೆ. ಬಿಲ್ಲೆಯನ್ನು ತಲೆಕೆಳಗಾಗಿ ಕೂರಿಸಿದವರಿಗೆ ಮೊದಲ ರಾತ್ರಿ ಚೆಂದದ ಅಲೆ ಬಂದು ಮರುದಿನ ಮಾಯವಾಗುವುದು ಇದರಿಂದಲೇ.

ಅಂಚಿಗೆ ಎಪಾಕ್ಸಿಯ ತೆಳು ಉಂಗುರ ಹಾಕಿ ಅಂಟಿಸಿ. ನಡುಮಧ್ಯೆ 8 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಎತ್ತರದ ರಬ್ಬರ್ ಗುಂಡಿ ಅಂಟಿಸಿ. ಹವಾಯಿ ಚಪ್ಪಲಿಯ ಅಡಿಯಿಂದ ಕತ್ತರಿಸಿದ ತುಂಡು ಸಾಕು. ಅದು ಬೆಸುಗೆಯ ಉಬ್ಬಿಗೆ ತಾಗಬಾರದು. ಇದರ ಮೇಲೆ ಅಂಗೈಯಗಲದ ತೆಳು ಪ್ಲೈವುಡ್ ಮುಚ್ಚಳ ಬರುತ್ತದೆ.

ಈಗ ಮುಖ್ಯ ಸಂಗತಿ: ಮೈಯ ಭಾರವೆಲ್ಲ ಆ ಗುಂಡಿಯ ಮೇಲೆ ಬಿದ್ದರೆ ಬಿಲ್ಲೆ ಪುಡಿ. ಮುಚ್ಚಳದ ನಾಲ್ಕು ಮೂಲೆಗಳಿಗೂ ಅದೇ ರಬ್ಬರಿನ ತುಂಡುಗಳನ್ನು ಕೊಡಿ, ಆದರೆ ಗುಂಡಿಗಿಂತ ಸ್ವಲ್ಪವೇ, ಸುಮಾರು ಅರ್ಧ ಮಿಲಿಮೀಟರ್ ತಗ್ಗಾಗಿರಲಿ. ಎತ್ತರವನ್ನು ಬಿಲ್ಲೆಯ ಮಟ್ಟದಿಂದ ಲೆಕ್ಕ ಹಾಕಿ, ಹಲಗೆಯ ಮಟ್ಟದಿಂದಲ್ಲ. ಆಗ ಮೂಲೆಗಳು ಭಾರ ಹೊರುತ್ತವೆ, ಗುಂಡಿ ಅಲುಗಾಟವನ್ನಷ್ಟೇ ದಾಟಿಸುತ್ತದೆ.

ತಂತಿ ಮೊದಲೇ ಬೆಸೆದಿರುವ ಬಿಲ್ಲೆಯನ್ನೇ ಕೊಳ್ಳಿ. ನೀವೇ ಬೆಸೆಯುವುದಾದರೆ ಎರಡು ಸೆಕೆಂಡಿಗಿಂತ ಹೆಚ್ಚು ಕಾವು ಕೊಡಬೇಡಿ, ಬಿಳಿ ಭಾಗದ ಮೇಲಿನ ಬೆಳ್ಳಿಯ ಲೇಪ ಎದ್ದು ಬರುತ್ತದೆ.

ಪರೀಕ್ಷೆ: ಮಲ್ಟಿಮೀಟರ್ ಅನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು ಮುಚ್ಚಳವನ್ನು ಬೆರಳಿನಿಂದ ತಟ್ಟಿ. ಅಂಕಿ ಜಿಗಿಯಬೇಕು. ಮುಚ್ಚಳದ ಮೇಲೆ ಗಟ್ಟಿಯಾಗಿ ಕೈಯೂರಿಕೊಂಡು ಇನ್ನೊಂದು ಕೈಯಿಂದ ತಟ್ಟಿದಾಗಲೂ ಜಿಗಿಯಬೇಕು. ಕೈಯೂರಿದಾಗ ಸತ್ತಂತಾದರೆ ಮೂಲೆಯ ತುಂಡುಗಳು ಹೆಚ್ಚು ಎತ್ತರವಾಗಿವೆ.

## ಹಂತ 3: ಸರ್ಕ್ಯೂಟ್

ಇಎಸ್‌ಪಿ32ರ 3.3 ವೋಲ್ಟ್‌ನಿಂದ ಎರಡು 10 ಕಿಲೋಓಮ್ ರೆಸಿಸ್ಟರ್‌ಗಳ ಮೂಲಕ 1.65 ವೋಲ್ಟ್ ಮಾಡಿಕೊಳ್ಳಿ, ಅಲ್ಲಿಂದ ಸರ್ಕ್ಯೂಟ್‌ನ ನೆಲಕ್ಕೆ (ಬೋರ್ಡ್‌ನ GND ಪಿನ್) 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಬಿಲ್ಲೆಯ ಹಿತ್ತಾಳೆಯ ತಂತಿ ಈ 1.65ಕ್ಕೆ. ಬಿಳಿ ಭಾಗದ ತಂತಿ 100 ಕಿಲೋಓಮ್ ಮೂಲಕ ಮೊದಲ ಆಪ್‌ಆಂಪ್‌ನ ಧನ ಒಳಹರಿವಿಗೆ. ಆ 100 ಕಿಲೋಓಮ್ ಬಿಡಬೇಡಿ: ಮಕ್ಕಳು ಹಾಸಿಗೆಯ ಮೇಲೆ ಕುಣಿದರೆ ಬಿಲ್ಲೆಯಿಂದ ಹತ್ತಾರು ವೋಲ್ಟ್ ಬರಬಲ್ಲದು.

ಬಿಲ್ಲೆಯ ಎರಡು ತಂತಿಗಳ ನಡುವೆ 10 ಮೆಗಾಓಮ್. ಹೆಚ್ಚು ಜನ ಎಡವುವ ಎರಡನೇ ಜಾಗ ಇದು. ಆರ್ಡುಯಿನೋ ಎಂಬ ಹವ್ಯಾಸಿ ಬೋರ್ಡ್‌ನ ಬಾಗಿಲು ಬಡಿತದ ಉದಾಹರಣೆಯಲ್ಲಿ ಪೀಜೊಗೆ 1 ಮೆಗಾಓಮ್ ಹಾಕುತ್ತಾರೆ. ಅದನ್ನು ನೋಡಿ ಎಲ್ಲರೂ ಇಲ್ಲೂ ಅದನ್ನೇ ಹಾಕುತ್ತಾರೆ. ಬಿಲ್ಲೆಯ ಕೆಪಾಸಿಟೆನ್ಸ್ 20 ನ್ಯಾನೊಫ್ಯಾರಡ್ ಎಂದಿಟ್ಟುಕೊಂಡರೆ, 1 ಮೆಗಾಓಮ್ ಜೊತೆ ಸೇರಿ ಅದು 8 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ತಗ್ಗಿಸುತ್ತದೆ. ಬಾಗಿಲು ತಟ್ಟಿದ ಸದ್ದಿಗೆ ಅದು ಸರಿ, ಹೃದಯ ಮಾತ್ರ ಬಹುಮಟ್ಟಿಗೆ ಹೊರಗುಳಿಯುತ್ತದೆ. 10 ಮೆಗಾಓಮ್ ಹಾಕಿದರೆ ಆ ಗಡಿ 0.8 ಹರ್ಟ್ಜ್‌ಗೆ ಇಳಿಯುತ್ತದೆ: ಹೃದಯ ಒಳಗೆ ಬರುತ್ತದೆ, ಉಸಿರು ಬಹುಮಟ್ಟಿಗೆ ತಗ್ಗುತ್ತದೆ. ಉಸಿರೂ ಬೇಕೆಂದು 100 ಮೆಗಾಓಮ್‌ಗೆ ಹೋದರೆ, ಮಲಗಿದವರು ಮಗ್ಗುಲಾದ ಮೇಲೆ ಗೆರೆ ನೆಲೆಗೆ ಬರಲು ಹಲವು ಸೆಕೆಂಡು ಹಿಡಿಯುತ್ತದೆ. ಮೊದಲ ಸಲಕ್ಕೆ ಬೇಡ.

ಮೊದಲ ಆಪ್‌ಆಂಪ್ ಬರೀ ಬಫರ್, ಸಂಕೇತವನ್ನು ಹಿಗ್ಗಿಸದೆ ಹಾಗೇ ದಾಟಿಸುವುದು: ಔಟ್‌ಪುಟ್ ಅನ್ನು ಅದರ ಋಣ ಒಳಹರಿವಿಗೇ ಸೇರಿಸಿ. ಎರಡನೆಯದು ಹಿಗ್ಗಿಸುವುದು: ಬಫರ್‌ನಿಂದ 10 ಕಿಲೋಓಮ್ ಮೂಲಕ ಋಣ ಒಳಹರಿವಿಗೆ, ಅಲ್ಲಿಂದ ಔಟ್‌ಪುಟ್‌ಗೆ 470 ಕಿಲೋಓಮ್, ಧನ ಒಳಹರಿವು 1.65ಕ್ಕೆ. 47 ಪಟ್ಟು ಹಿಗ್ಗುತ್ತದೆ. 470ಕ್ಕೆ ಸಮಾಂತರವಾಗಿ 22 ನ್ಯಾನೊಫ್ಯಾರಡ್ ಹಾಕಿದರೆ 15 ಹರ್ಟ್ಜ್ ಮೇಲಿನದು ಇಳಿಯುತ್ತಾ ಹೋಗುತ್ತದೆ. ಅಲೆ ತಲೆಕೆಳಗಾಗಿ ಬರುವುದು ಲೆಕ್ಕಕ್ಕಿಲ್ಲ.

ಕೇಬಲ್‌ನ ಹೆಣೆದ ಹೊದಿಕೆ ಸರ್ಕ್ಯೂಟ್‌ನ ನೆಲಕ್ಕೆ ಸೇರಲಿ, ಬಿಲ್ಲೆಯ ತುದಿಯಲ್ಲಿ ಹಾಗೇ ಬಿಡಿ. ಉದ್ದ ಒಂದು ಮೀಟರ್ ಮೀರಬಾರದು. ವಿದ್ಯುತ್ತಿಗೆ ಪವರ್ ಬ್ಯಾಂಕ್ ಬಳಸಿ, ಅದನ್ನು ಮಂಚದ ಹೊರಗೆ ನೆಲದ ಮೇಲಿಡಿ. ಚಾರ್ಜರ್ ಆಗಲಿ, ಲಿಥಿಯಂ ಬ್ಯಾಟರಿ ಆಗಲಿ ಹಾಸಿಗೆಯಡಿ ಎಂದೂ ಹೋಗಬಾರದು. ಕಾವು ಹೊರಹೋಗಲು ದಾರಿಯಿಲ್ಲದ ಜಾಗ ಅದು.

## ಹಂತ 4: ಕೋಡ್‌ಗಿಂತ ಮೊದಲು ಕಣ್ಣು

ಔಟ್‌ಪುಟ್ ಅನ್ನು ಇಎಸ್‌ಪಿ32ರ 32ರಿಂದ 39ರ ನಡುವಿನ ಅನಲಾಗ್ ಪಿನ್‌ಗೆ ಕೊಡಿ. ಉಳಿದ ಅನಲಾಗ್ ಪಿನ್‌ಗಳು ವೈಫೈ ಚಾಲೂ ಆದಾಗ ಓದಲು ಸಿಗುವುದಿಲ್ಲ. "ನಿನ್ನೆ ಕೆಲಸ ಮಾಡುತ್ತಿತ್ತು, ವೈಫೈ ಸೇರಿಸಿದ ಮೇಲೆ ನಿಂತಿತು" ಎನ್ನುವವರು ಪಿನ್ ಬದಲಿಸಿ ನೋಡಲಿ.

ಬಂದ ಅಂಕಿಗಳನ್ನು ಹಾಗೆಯೇ ಪ್ಲಾಟರ್‌ನಲ್ಲಿ (ಅಂಕಿಗಳನ್ನು ಗೆರೆಯಾಗಿ ತೋರಿಸುವ ತಂತ್ರಾಂಶ) ಬಿಡಿಸಿ. ಒಬ್ಬರನ್ನು ಅಂಗಾತ ಮಲಗಿಸಿ, ಮೂರು ನಿಮಿಷ ಸುಮ್ಮನಿರಲು ಹೇಳಿ. ಆಮೇಲೆ ಹತ್ತು ಸೆಕೆಂಡು ಉಸಿರು ಹಿಡಿಯಲಿ. ನಿಧಾನವಾಗಿ ಏರಿಳಿಯುತ್ತಿದ್ದ ದೊಡ್ಡ ಅಲೆ ನಿಂತು, ಅದರ ಬೆನ್ನ ಮೇಲೆ ಅಷ್ಟು ಹೊತ್ತು ಸವಾರಿ ಮಾಡುತ್ತಿದ್ದ ಸಣ್ಣ ಗುಂಪುಗಳಷ್ಟೇ ಸಮಾನ ಅಂತರದಲ್ಲಿ ಉಳಿಯುತ್ತವೆ. ಅವರ ಮಣಿಕಟ್ಟಿನ ನಾಡಿ ಹಿಡಿದು ಪರದೆ ನೋಡಿ. ಪ್ರತಿ ನಾಡಿಗೆ ಒಂದು ಗುಂಪು ಬರುತ್ತಿದ್ದರೆ ಯಂತ್ರದ ಕಷ್ಟದ ಭಾಗ ಮುಗಿಯಿತು.

ಗುಂಪುಗಳು ಕಣ್ಣಿಗೆ ಕಾಣದಿದ್ದರೆ ಯಾವ ಅಲ್ಗಾರಿದಮ್ ಕೂಡ ಅವನ್ನು ಹುಟ್ಟಿಸಲಾರದು. ಹಂತ 2ಕ್ಕೆ ಹಿಂದಿರುಗಿ. ಗೆರೆ ದಪ್ಪ ಪಟ್ಟಿಯಂತೆ ಕಂಡರೆ ಅದು 50 ಹರ್ಟ್ಜ್, ಕೇಬಲ್‌ನ ಹೊದಿಕೆ ಎಲ್ಲೋ ಬಿಟ್ಟಿದೆ. ಮೇಲಿನ ಅಥವಾ ಕೆಳಗಿನ ಅಂಚಿಗೆ ಅಂಟಿಕೊಂಡಿದ್ದರೆ ಆಪ್‌ಆಂಪ್ ಅಥವಾ 1.65 ವೋಲ್ಟ್ ತಪ್ಪಿದೆ. ಚಟಪಟ ಮುಳ್ಳುಗಳು ಬರುತ್ತಿದ್ದರೆ ಬಿಲ್ಲೆ ಬಿರುಕು ಬಿಟ್ಟಿದೆ.

## ಹಂತ 5: ಮಾದರಿ ಮತ್ತು ಫಿಲ್ಟರ್

ಸೆಕೆಂಡಿಗೆ 250 ಬಾರಿ ಓದಿ, ಟೈಮರ್ ಬಳಸಿ ಓದಿ. ಲೂಪ್‌ನಲ್ಲಿ ವಿಳಂಬ ಹಾಕಿ ಓದಿದರೆ ವೈಫೈ ಕೆಲಸದ ನಡುವೆ ಅಂತರ ಏರುಪೇರಾಗಿ ಲೆಕ್ಕ ಕೆಡುತ್ತದೆ.

250 ಎನ್ನಲು ಕಾರಣವಿದೆ. ಸತತ ಐದು ಓದುಗಳ ಸರಾಸರಿ ತೆಗೆದರೆ ಅದು 20 ಮಿಲಿಸೆಕೆಂಡ್, ಅಂದರೆ ನಮ್ಮ ಮನೆಯ ವಿದ್ಯುತ್ತಿನ ಸರಿಯಾಗಿ ಒಂದು ಸುತ್ತು. 50 ಹರ್ಟ್ಜ್ ಅದರಲ್ಲೇ ಅಳಿದುಹೋಗುತ್ತದೆ. ಅಮೆರಿಕದಲ್ಲಿರುವವರು 60 ಹರ್ಟ್ಜ್‌ಗೆ ಹೊಂದುವಂತೆ 300 ಬಾರಿ ಓದಿಕೊಳ್ಳಬೇಕು.

ಆಮೇಲೆ 2ರಿಂದ 10 ಹರ್ಟ್ಜ್‌ನ ಬ್ಯಾಂಡ್‌ಪಾಸ್ ಫಿಲ್ಟರ್, ಅಂದರೆ ಆ ವ್ಯಾಪ್ತಿಯದನ್ನಷ್ಟೇ ಒಳಗೆ ಬಿಡುವುದು. ಎರಡನೇ ದರ್ಜೆಯ ಬಟರ್‌ವರ್ತ್ ಎಂಬ ಸಾಮಾನ್ಯ ಬಗೆಯ ಫಿಲ್ಟರ್ ಸಾಕು. ಹೃದಯ 1 ಹರ್ಟ್ಜ್‌ನಲ್ಲಿ ಬಡಿಯುವಾಗ 2ರಿಂದ ಏಕೆ ಎಂದು ಕೇಳಬಹುದು. ಗುಂಪಿನೊಳಗಿನ ತೂಗಾಟ ಆ ವ್ಯಾಪ್ತಿಯಲ್ಲಿದೆ, ಗುಂಪುಗಳ ನಡುವಿನ ಅಂತರವನ್ನು ಮುಂದಿನ ಹಂತ ಹುಡುಕುತ್ತದೆ. ಫಿಲ್ಟರ್ ಅನ್ನು 0.5ರಿಂದ ತೆರೆದರೆ ಉಸಿರಿನ ಎರಡು, ಮೂರು, ನಾಲ್ಕು ಪಟ್ಟು ವೇಗದ ಅಲೆಗಳು (ಹಾರ್ಮೋನಿಕ್) ನುಗ್ಗುತ್ತವೆ. ನಿಮಿಷಕ್ಕೆ 15 ಉಸಿರಿನ ನಾಲ್ಕು ಪಟ್ಟು 60, ನೋಡಿದರೆ ನಾಡಿಯೇ ಅನ್ನಿಸುತ್ತದೆ.

## ಹಂತ 6: ಬಡಿತ ಎಣಿಸುವುದು

ಶಿಖರ ಕಂಡಾಗಲೆಲ್ಲ ಒಂದು ಎಣಿಸುವ ವಿಧಾನ ಇಲ್ಲಿ ಸೋಲುತ್ತದೆ, ಏಕೆಂದರೆ ಒಂದೇ ಬಡಿತದಲ್ಲಿ ಹಲವು ಶಿಖರಗಳಿವೆ. ಮಗ್ಗುಲು ಬದಲಿಸಿದರೆ ಯಾವ ಶಿಖರ ಎತ್ತರ ಎಂಬುದೂ ಬದಲಾಗುತ್ತದೆ. ಆಟೋಕೋರಿಲೇಶನ್ ಬಳಸಿ: ಕಳೆದ 10 ಸೆಕೆಂಡಿನ ಅಲೆಯನ್ನು ಅದರದೇ ಪ್ರತಿಯ ಮೇಲೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ಎಷ್ಟು ಸರಿಸಿದಾಗ ಎರಡೂ ಚೆನ್ನಾಗಿ ಹೊಂದುತ್ತವೆ ಎಂದು ನೋಡುವುದು. ಅದೇ ಬಡಿತದ ಅಂತರ. 0.4ರಿಂದ 1.5 ಸೆಕೆಂಡ್ ವರೆಗೆ ಮಾತ್ರ ಹುಡುಕಿ, ಅದು ನಿಮಿಷಕ್ಕೆ 150ರಿಂದ 40 ಬಡಿತ. ಇಎಸ್‌ಪಿ32ಗೆ ಈ ಲೆಕ್ಕ ಭಾರವಲ್ಲ.

ಎರಡು ತಪ್ಪುಗಳು ಬರುತ್ತವೆ. ಅಂತರದ ಎರಡರಷ್ಟು ಸರಿಸಿದಾಗಲೂ ಅಲೆ ಹೊಂದುತ್ತದೆ, ಆಗ 80 ಇರುವುದು 40 ಎಂದು ಬರುತ್ತದೆ. ಹಾಗಾಗಿ ಅತಿ ಎತ್ತರದ ಹೊಂದಿಕೆಯನ್ನಲ್ಲ, ಅದರ ಶೇ. 80ರಷ್ಟಾದರೂ ಇರುವ ಮೊದಲನೆಯದನ್ನು ಆರಿಸಿ. ಇನ್ನು ಕೆಲವರ ಮೈಯಲ್ಲಿ ಹೃದಯ ಹಿಗ್ಗುವಾಗಿನ ಎರಡನೇ ಗುಂಪೂ ಬಲವಾಗಿದ್ದು 60 ಇರುವುದು 120 ಎನಿಸಬಹುದು. ಹೊಸ ಅಂಕಿ ಹಿಂದಿನದರ ಥಟ್ಟನೆ ಅರ್ಧ ಅಥವಾ ದುಪ್ಪಟ್ಟಾದರೆ ಒಪ್ಪಬೇಡಿ. ಹದಿನೈದು ಸೆಕೆಂಡು ಹಾಗೆಯೇ ನಿಂತರೆ ಮಾತ್ರ ಒಪ್ಪಿ.

## ಹಂತ 7: ಸುಮ್ಮನಿರಲು ಕಲಿಸಿ

ಯಾವಾಗಲೂ ಏನಾದರೊಂದು ಅಂಕಿ ತೋರಿಸುವ ಯಂತ್ರವನ್ನು ನಂಬಬೇಡಿ. ಹೊಂದಿಕೆಯ ಎತ್ತರ, ಗರಿಷ್ಠ 1 ಎಂದಿಟ್ಟುಕೊಂಡರೆ, 0.4ಕ್ಕಿಂತ ಕಡಿಮೆಯಾದಾಗ ಪರದೆಯಲ್ಲಿ ಅಡ್ಡಗೆರೆ ಮಾತ್ರ ಬರಲಿ. ಇದು ಆರಂಭದ ಅಂಕಿ, ನಿಮ್ಮ ಹಾಸಿಗೆಗೆ ತಕ್ಕಂತೆ ಏರಿಸಿ. ಅಲೆಯ ಏರಿಳಿತ ಮಾಮೂಲಿನ ನಾಲ್ಕು ಪಟ್ಟು ಮೀರಿದರೆ ಯಾರೋ ಹೊರಳಿದ್ದಾರೆ ಎಂದರ್ಥ. ಆ ತುಣುಕನ್ನು ಬಿಸಾಡಿ, 10 ಸೆಕೆಂಡಿನ ಹೊಸ ಅಲೆ ಮತ್ತೆ ತುಂಬುವವರೆಗೆ ಕಾಯಿರಿ.

## ಹಂತ 8: ಅಕ್ಕಿ ಮೂಟೆಯ ನಾಡಿ

ಬೆರಳಿನ ಆಕ್ಸಿಮೀಟರ್‌ಗೆ ಹೋಲಿಸುವ ಮುನ್ನ ಇನ್ನೊಂದು ಪರೀಕ್ಷೆ. 25 ಕಿಲೋ ಅಕ್ಕಿ ಮೂಟೆಯನ್ನು ಎದೆ ಬರುವ ಜಾಗದಲ್ಲಿ ಮಲಗಿಸಿ ಅರ್ಧ ಗಂಟೆ ಬಿಡಿ. ಯಂತ್ರ ಅಡ್ಡಗೆರೆಯನ್ನಷ್ಟೇ ತೋರಿಸಬೇಕು. ಮೂಟೆಗೆ ನಿಮಿಷಕ್ಕೆ 72 ಬಡಿತ ಬಂದರೆ ನಿಮ್ಮ ಮಿತಿ ತೀರಾ ಸಡಿಲ.

ಫ್ಯಾನ್ ಹಾಕಿಯೂ ಪರೀಕ್ಷಿಸಿ, ಎಲ್ಲ ವೇಗಗಳಲ್ಲೂ. ಚಾವಣಿ ಫ್ಯಾನ್ ಪೂರ್ಣ ವೇಗದಲ್ಲಿ ನಿಮಿಷಕ್ಕೆ 300ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದು 5 ಹರ್ಟ್ಜ್‌ಗಿಂತ ಮೇಲೆ, ನಮ್ಮ ಫಿಲ್ಟರ್‌ನ ನಡುವೆಯೇ. ರೆಗ್ಯುಲೇಟರ್ ತಗ್ಗಿಸಿ ಅದು 100ರ ಆಸುಪಾಸು ತಿರುಗತೊಡಗಿದರೆ ನೇರವಾಗಿ ಹೃದಯ ಬಡಿತದ ವೇಷ ಹಾಕುತ್ತದೆ. ಸೊಳ್ಳೆಪರದೆ ಗಾಳಿಗೆ ಅಲುಗಿ ಮಂಚವನ್ನು ಎಳೆಯುತ್ತಿದ್ದರೆ ಪರದೆಯನ್ನು ಗೋಡೆಗೆ ಕಟ್ಟಿ. ಟೇಬಲ್ ಫ್ಯಾನ್ ಮಂಚದ ಮೇಲೆ ಇರಲೇಬಾರದು.

ಮೂಟೆ ಪಾಸಾದ ಮೇಲೆ ಮನುಷ್ಯರು. ಅಂಗಾತ, ಬೋರಲು, ಎಡ ಮಗ್ಗುಲು, ಬಲ ಮಗ್ಗುಲು, ಪ್ರತಿಯೊಂದರಲ್ಲೂ ಐದು ನಿಮಿಷ ಆಕ್ಸಿಮೀಟರ್ ಜೊತೆ ಹೋಲಿಸಿ ಬರೆದಿಡಿ. ಮೆಟ್ಟಿಲು ಹತ್ತಿಳಿದು ಬಂದು ಮಲಗಿಯೂ ನೋಡಿ, ಬಡಿತ ಇಳಿಯುತ್ತಾ ಬರುವುದನ್ನು ಯಂತ್ರ ಹಿಂಬಾಲಿಸಬೇಕು. ಸದಾ 65 ತೋರಿಸುವ ಯಂತ್ರ ವಿಶ್ರಾಂತಿಯಲ್ಲಿ ಯಾರಿಗಾದರೂ ಸರಿಯೆನಿಸುತ್ತದೆ. ಬೋರಲು ಮಲಗಿದಾಗ ಸರಿಯಿದ್ದು ಎಡ ಮಗ್ಗುಲಲ್ಲಿ ಮಾತ್ರ ತಪ್ಪುತ್ತಿದ್ದರೆ ಸಂವೇದಕವನ್ನು ಒಂದೆರಡು ಅಂಗುಲ ಸರಿಸಿ ನೋಡಿ, ಕೋಡ್ ಮುಟ್ಟಬೇಡಿ.

## ಇದನ್ನು ಯಾವುದಕ್ಕೆ ಬಳಸಬಾರದು

ಇದು ವೈದ್ಯಕೀಯ ಸಾಧನವಲ್ಲ. ಬಡಿತದ ಲಯವೇ ಏರುಪೇರಾಗುವ ಏಟ್ರಿಯಲ್ ಫೈಬ್ರಿಲೇಶನ್ ಇರುವವರಲ್ಲಿ ಆಟೋಕೋರಿಲೇಶನ್‌ಗೆ ಹಿಡಿಯಲು ನಿಯಮಿತ ಅಂತರವೇ ಸಿಗುವುದಿಲ್ಲ. ಹೃದಯಾಘಾತವನ್ನು ಇದು ಗುರುತಿಸಲಾರದು. ಮಗುವಿನ ತೊಟ್ಟಿಲಿಗೆ ಇಂಥ ಗಟ್ಟಿ ಪೆಟ್ಟಿಗೆ, ತಂತಿಗಳನ್ನು ಇಡಲೇಬೇಡಿ. ಎದೆ ನೋವು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ಪ್ರಜ್ಞೆ ತಪ್ಪುವುದು, ಇವು ಕಂಡಾಗ ಪರದೆ ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ರೋಗಿಯ ಮೇಲೆ ನಿಗಾ ಇಡುವುದೇ ಉದ್ದೇಶವಾದರೆ ಅದಕ್ಕೆಂದೇ ತಯಾರಾದ ಸಾಧನ ಕೊಳ್ಳಿ. ಬೆಂಗಳೂರಿನ ಡೋಜಿ ಕಂಪನಿ ಇದೇ ತತ್ತ್ವದ ಮೇಲೆ ಹಾಸಿಗೆಯಡಿಯ ಹಾಳೆಯನ್ನು ಆಸ್ಪತ್ರೆಗಳಿಗೆ ಒದಗಿಸುತ್ತದೆ. ನೀವು ಕಟ್ಟಿದ್ದನ್ನು ಮಾರುವ ಯೋಚನೆ ಬಂದರೆ, ಭಾರತದಲ್ಲಿ 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ, 2017ರ ವೈದ್ಯಕೀಯ ಸಾಧನ ನಿಯಮಗಳು ಅನ್ವಯಿಸುತ್ತವೆ.

ಇನ್ನೊಂದು ಮಾತು: ಹಾಸಿಗೆಯ ದಾಖಲೆ ಯಾರು ಎಷ್ಟು ಹೊತ್ತಿಗೆ ಮಲಗಿದರು, ಯಾವಾಗ ಎದ್ದರು ಎಂಬುದನ್ನೂ ಹೇಳುತ್ತದೆ. ಮನೆಗೆ ಬಂದ ನೆಂಟರಿಗೆ ಆ ಮಂಚ ಕೊಡುವಾಗ ಒಂದೋ ಹೇಳಿ, ಇಲ್ಲವೇ ತಂತಿ ಕೀಳಿ.

## ಕುರ್ಚಿಗೆ ಹಾಕುವುದಾದರೆ

ಸರ್ಕ್ಯೂಟ್ ಅದೇ. ಸಂವೇದಕವನ್ನು ಕೂರುವ ಹಲಗೆಯ ಮೇಲೆ, ತೆಳು ದಿಂಬಿನಡಿ ಇಡಿ. ಮರದ ಕುರ್ಚಿ ಒಳ್ಳೆಯದು, ಪ್ಲಾಸ್ಟಿಕ್ ಕುರ್ಚಿ ತಾನೇ ಬಳುಕುತ್ತದೆ. ಟೈಪ್ ಮಾಡುವಾಗ, ಕಾಲು ಕುಣಿಸುವಾಗ ಏನೂ ಸಿಗುವುದಿಲ್ಲ. ಟಿವಿ ನೋಡುತ್ತಾ ಕೂತಾಗ ನಡುನಡುವೆ ಒಳ್ಳೆಯ ತುಣುಕುಗಳು ಸಿಗುತ್ತವೆ.

## ಮಳೆಗಾಲದಲ್ಲಿ

ಬೇಸಿಗೆಯಲ್ಲಿ ಚೆನ್ನಾಗಿದ್ದದ್ದು ಜೂನ್ ಬರುತ್ತಲೇ ಮಂಕಾದರೆ ತೇವವನ್ನು ಅನುಮಾನಿಸಿ. ಕರಾವಳಿ, ಮಲೆನಾಡಿನವರಿಗೆ ಇದು ಖಂಡಿತ ಎದುರಾಗುತ್ತದೆ. 10 ಮೆಗಾಓಮ್ ಎಂಬುದು ಬಹಳ ದೊಡ್ಡ ತಡೆ. ಬೋರ್ಡ್ ಮೇಲಿನ ಧೂಳಿಗೆ ತೇವ ಸೇರಿದರೆ ವಿದ್ಯುತ್ ಅದನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ, ಹಂತ 3ರಲ್ಲಿ ಹೇಳಿದ ಗಡಿ ತಾನಾಗಿ ಮೇಲೇರುತ್ತದೆ. ಬೆಸುಗೆಯ ಬಳಿ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಅಂಟು) ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ ತೊಳೆಯಿರಿ, ಪೂರ್ತಿ ಒಣಗಿದ ಮೇಲೆ ಬಿಲ್ಲೆಯ ತಂತಿ ಸೇರುವ ಜಾಗಕ್ಕೂ ಆಪ್‌ಆಂಪ್‌ನ ಸುತ್ತಲೂ ವಾರ್ನಿಶ್ ಬಳಿಯಿರಿ. ರಬ್ಬರ್ ಗುಂಡಿ ಭಾರಕ್ಕೆ ಚಪ್ಪಟೆಯಾಗಿ ಮೂಲೆಯ ತುಂಡುಗಳ ಮಟ್ಟಕ್ಕೆ ಇಳಿದಿದೆಯೇ ಎಂದು ಅದೇ ಸಮಯದಲ್ಲಿ ನೋಡಿ, ಇಳಿದಿದ್ದರೆ ಬದಲಿಸಿ.